ಮೊಹರಿನ ಒಳಗಿನ ಸರ್ಕಾರ

ಜೋಂಪಣ್ಣನ ಅಂದಿನ ಫಜೀತಿಗೆಲ್ಲ ಮೂಲ ಒಂದು ಹತ್ತಿ ಹಾಸಿಗೆ. ಮದುವೆಯಾದ ಹೊಸದರಲ್ಲಿ ಮಾವ ಮಾಡಿಸಿಕೊಟ್ಟಿದ್ದ ಆ ಹಾಸಿಗೆ ಕಾಲಕ್ರಮದಲ್ಲಿ ಉಂಡೆ ಉಂಡೆಯಾಗಿ, ಜಲ್ಲಿ ಹಾಸಿದ ರಸ್ತೆಯಂತಾಗಿತ್ತು. ಹೆಂಡತಿಗೆ ಸೊಂಟನೋವು ಶುರುವಾದ ಮೇಲೆ ಅದನ್ನು ಬೀದಿಯ ಆ ತುದಿಯಲ್ಲಿದ್ದ ಹತ್ತಿತಾತನ ಅಂಗಡಿಗೆ ಕೊಟ್ಟರು. ಹತ್ತಿಯನ್ನು ಹಿಂಜಿ, ಮತ್ತೆ ತುಂಬಿ, ಹೊಸ ಬಟ್ಟೆ ಹೊಲಿದು ಕೊಡುತ್ತೇನೆಂದ ತಾತ, ಅಂದಿನಿಂದ "ನಾಳೆ ಬನ್ನಿ ಸ್ವಾಮಿ" ಎನ್ನುತ್ತಲೇ ಬಂದಿದ್ದ. ಗಂಡ ಹೆಂಡತಿ ಇಬ್ಬರೂ ತಣ್ಣನೆಯ ನೆಲದ ಮೇಲೆ ಚಾಪೆ ಹಾಸಿಕೊಂಡು, ರಾತ್ರಿಯೆಲ್ಲ ಮಗ್ಗುಲು ಬದಲಿಸುತ್ತಾ, ಹಿಂಜಿಸಿಕೊಳ್ಳುತ್ತಿರುವುದು ಹತ್ತಿಯಲ್ಲ ತಾವೇ ಎಂದುಕೊಳ್ಳುತ್ತಿದ್ದರು.

ರಾತ್ರಿ ಬಾರದ ನಿದ್ದೆ ಹಗಲು ಬರದೆ ಇರುತ್ತದೆಯೇ? ಆಡಳಿತ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಜೋಂಪಣ್ಣನಿಗೆ ಅದು ಕೂತಲ್ಲಿ, ನಿಂತಲ್ಲಿ ಬರುತ್ತಿತ್ತು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಕಚೇರಿಯವರು ಇಟ್ಟ ಈ ಹೆಸರು ಬೀದಿಗೂ ಬಂದು, ಮನೆಗೂ ಬಂದು, ಈಗ ಅವನೇ ಫೋನಿನಲ್ಲಿ "ಹಲೋ, ನಾನು ಜೋಂಪಣ್ಣ" ಎನ್ನುವ ಮಟ್ಟಕ್ಕೆ ಬಂದಿತ್ತು.

ಆ ದಿನ ಬೆಳಿಗ್ಗೆ ಹೆಂಡತಿ ಗೋಡೆ ಹಿಡಿದುಕೊಂಡು ಎದ್ದು ನಿಂತು, ಒಂದು ಕೈ ಸೊಂಟದ ಮೇಲಿಟ್ಟು ತೀರ್ಪು ಕೊಟ್ಟಳು.

"ರೀ, ಇವತ್ತು ಸಂಜೆಯೊಳಗೆ ಹಾಸಿಗೆ ಮನೆಗೆ ಬರಬೇಕು. ಅದು ಬರದಿದ್ರೆ ನೀವೂ ಬರೋದು ಬೇಡ. ನಿಮಗೇನು, ಕಚೇರಿ ಬೆಂಚಿದೆ, ಅಭ್ಯಾಸವೂ ಇದೆ."

"ತಂದೇ ತರ್ತೀನಿ ಕಣೇ," ಎಂದ ಜೋಂಪಣ್ಣ, ಆಕಳಿಕೆಯ ನಡುವೆ. ಅವನಿಗೆ ಹೆಂಡತಿಯ ಮೇಲೆ ಪ್ರೀತಿ ಇತ್ತು. ಅವಳು ಬಗ್ಗಿ ಪಾತ್ರೆ ಎತ್ತುವಾಗ ಮುಖ ಹಿಂಡುವುದನ್ನು ನೋಡಿದರೆ ಅವನ ಕರುಳು ಚುರುಕ್ ಎನ್ನುತ್ತಿತ್ತು. ಇಂದು ಆ ಹಾಸಿಗೆಯನ್ನು ತಲೆಯ ಮೇಲೆ ಹೊತ್ತಾದರೂ ತರುತ್ತೇನೆಂದು ಮನಸ್ಸಿನಲ್ಲೇ ಆಣೆ ಮಾಡಿಕೊಂಡು ಹೊರಟ.

ಕಚೇರಿಗೆ ಕಾಲಿಟ್ಟರೆ, ಇಡೀ ಕಚೇರಿ ಕನಸಿನಲ್ಲಿ ಕಾಣುವ ಮನೆಯಂತೆ ಖಾಲಿಯಾಗಿತ್ತು. ಫ್ಯಾನುಗಳು ತಿರುಗುತ್ತಿದ್ದವು, ಕುರ್ಚಿಗಳು ಇದ್ದವು, ಜನ ಇರಲಿಲ್ಲ. ಫೋನು ಬಡಿದುಕೊಳ್ಳುತ್ತಿತ್ತು. ಎತ್ತಿದ.

"ಯಾರದು? ಜೋಂಪಣ್ಣನಾ?" ಸಾಹೇಬರ ದನಿ. "ನನಗೆ ಭಯಂಕರ ಹಲ್ಲುನೋವು ಕಣಯ್ಯ. ಎಡಗಡೆ ದವಡೆ. ಬಾಯಿ ತೆಗೆಯೋಕೇ ಆಗ್ತಿಲ್ಲ." ಬಾಯಿ ತೆಗೆಯಲಾಗದ ಸಾಹೇಬರು ಅದನ್ನು ಬಹಳ ಹೊತ್ತು ವಿವರಿಸಿದರು. "ಉಪಸಾಹೇಬರಿಗೆ ಚಾರ್ಜ್ ಕೊಡು."

"ಅವರಿಗೆ ಕಣ್ಣು ಬೇನೆಯಂತೆ ಸಾರ್. ಚೀಟಿ ಇಟ್ಟಿದ್ದಾರೆ."

"ಹೆಡ್ ಗುಮಾಸ್ತರಿಗೆ ಕೊಡು."

"ಅವರ ಚಿಕ್ಕಪ್ಪನಿಗೆ ಸೀರಿಯಸ್ಸಂತೆ ಸಾರ್."

"ಹಾಗಾದ್ರೆ ಇವತ್ತು ನೀನೇ ಇನ್‌ಚಾರ್ಜು. ನಾನು ಬರೋವರೆಗೂ ಸರ್ಕಾರ ಅಂದ್ರೆ ನೀನೇ ಅಂದ್ಕೋ. ಸಹಿ ಹಾಕು. ನಿದ್ದೆ ಮಾತ್ರ ಮಾಡಬೇಡ."

ಜೋಂಪಣ್ಣ ಫೋನಿಟ್ಟು ಸಾಹೇಬರ ಕುರ್ಚಿಯಲ್ಲಿ ಅಂಚಿಗೆ ಕೂತ. ಆಮೇಲೆ ಸ್ವಲ್ಪ ಹಿಂದೆ ಸರಿದ. ಆಮೇಲೆ ಪೂರ್ತಿ ಒರಗಿದ. ಕಿಟಕಿಯಿಂದ ಬಿಸಿಲು ಬಂದು ಮೇಜಿನ ಮೇಲೆ ಬೆಕ್ಕಿನಂತೆ ಮಲಗಿತ್ತು. ಕುರ್ಚಿಯನ್ನು ಒಂದು ಸಲ ಸುತ್ತಿಸಿದ. ಇಡೀ ಊರು ತನ್ನ ಸುತ್ತ ಮೆಲ್ಲಗೆ ತಿರುಗಿದಂತೆ ಅನ್ನಿಸಿತು. ರೆಪ್ಪೆ ಭಾರವಾಗುವಷ್ಟರಲ್ಲಿ ಬಾಗಿಲಲ್ಲಿ ಬೂಟು ಬಡಿದ ಸದ್ದಾಯಿತು.

ಹವಾಲ್ದಾರರು ಬಂದಿದ್ದರು. ನಿಯಮವನ್ನು ಕೇಳದೆ ನೀರನ್ನೂ ಕುಡಿಯದ ಮನುಷ್ಯ. ಅವರ ಮೀಸೆಯ ಎರಡು ತುದಿಗಳೂ ಅಳತೆ ಪಟ್ಟಿ ಇಟ್ಟು ಕತ್ತರಿಸಿದಂತೆ ಸಮನಾಗಿದ್ದವು.

"ಸಾರ್, ಕೋರ್ಟಿನ ಆದೇಶ. ಸೂರ್ಯ ಮುಳುಗೋದರೊಳಗೆ ಒಂದು ಅಂಗಡಿಗೆ ಬೀಗ ಹಾಕಿ ಮೊಹರು ಮಾಡಬೇಕು. ಒಳಗಿನ ಸಾಮಾನು ಒಂದು ಎಳೆಯೂ ಆಚೆ ಹೋಗೋ ಹಾಗಿಲ್ಲ."

"ಯಾವ ಅಂಗಡಿ?"

"ಹಾಸಿಗೆ ಅಂಗಡಿ ಸಾರ್. ಹತ್ತಿತಾತಂದು. ಹತ್ತಿ ಹಿಂಜೋ ಧೂಳಿಂದ ಬೀದಿಯವರಿಗೆ ಉಸಿರಾಡೋಕೆ ಆಗ್ತಿಲ್ಲ ಅಂತ ಕೇಸು."

ಜೋಂಪಣ್ಣನ ನಿದ್ದೆಯಲ್ಲಿದ್ದ ಅರ್ಧ ಕಣ್ಣೂ ತೆರೆಯಿತು.

"ಹವಾಲ್ದಾರ್ರೇ, ಸುಮ್ನೆ ಕೇಳ್ತೀನಿ. ಅಂಗಡೀಲಿ ಯಾರೋ ಒಬ್ಬ ಪಾಪದವನ ಹಾಸಿಗೆ ಇದೆ ಅನ್ಕೊಳ್ಳಿ. ಅವನ ಹೆಂಡತಿಗೆ ಸೊಂಟನೋವು ಅನ್ಕೊಳ್ಳಿ. ಅದೊಂದನ್ನ ಮೊದಲು..."

"ಆದೇಶ ಬಂದ ಗಳಿಗೆಯಿಂದ ಎಲ್ಲ ಸರ್ಕಾರದ ವಶ ಸಾರ್. ಮುಟ್ಟಿದವನ ಮೇಲೆ ಕೇಸು. ನಾನೇ ಹಿಡೀತೀನಿ." ಹವಾಲ್ದಾರರು ಸೆಲ್ಯೂಟ್ ಹೊಡೆದರು. "ಆ ಪಾಪದವನು ಯಾರು ಸಾರ್?"

"ಯಾರೂ ಇಲ್ಲ ಬಿಡಿ," ಎಂದ ಜೋಂಪಣ್ಣ.

ಅವರು ಬೀದಿಗೆ ಬಂದಾಗ ಮಧ್ಯಾಹ್ನದ ಬಿಸಿಲಿಗೆ ಹತ್ತಿಯ ಎಳೆಗಳು ಗಾಳಿಯಲ್ಲಿ ತೇಲುತ್ತಿದ್ದವು. ಆ ಬೀದಿಯಲ್ಲಿ ಯಾವಾಗಲೂ ಹಾಗೇ. ಯಾರೋ ಮೋಡವನ್ನು ಜರಡಿ ಹಿಡಿದಂತೆ ಬೆಳ್ಳಗೆ, ಮೆತ್ತಗೆ, ಸದ್ದಿಲ್ಲದೆ ಇಳಿಯುತ್ತವೆ. ಕಿಟಕಿಯ ಸರಳಿಗೆ, ಸೈಕಲ್ಲಿನ ಸೀಟಿಗೆ, ಮಲಗಿದ ನಾಯಿಯ ಮೀಸೆಗೆ ಅಂಟಿಕೊಳ್ಳುತ್ತವೆ. ಅಲ್ಲಿ ನಡೆಯುವವರೂ ನೀರಿನೊಳಗೆ ನಡೆದಂತೆ ನಿಧಾನ. ಅದನ್ನು ನೋಡುತ್ತಿದ್ದರೆ ಎಂಥವನಿಗೂ ಕಣ್ಣು ಕೂಡುತ್ತದೆ. ಜೋಂಪಣ್ಣ ಎಂಥವನು ಎಂದು ಹೇಳಿಯಾಗಿದೆ.

ಅಂಗಡಿಯ ಮುಂದೆ ಬೀದಿಗೆ ಬೀದಿಯೇ ಸೇರಿತ್ತು. ಎಲ್ಲರ ಮುಂದೆ ಕೋಲೂರಿ ನಿಂತಿದ್ದವರು ಮೇಷ್ಟ್ರು. ಶಾಲೆಯಲ್ಲಿ ಪೌರನೀತಿ ಕಲಿಸಿ ನಿವೃತ್ತರಾಗಿದ್ದರೂ ಪಾಠ ಮಾತ್ರ ನಿವೃತ್ತವಾಗಿರಲಿಲ್ಲ. ಕೇಸು ಹಾಕಿದವರೂ ಅವರೇ.

"ಬಾರಯ್ಯ ಬಾ, ಕಾರ್ಯಾಂಗ ಬಂತು!" ಎಂದು ಕೂಗಿದರು. "ನೋಡ್ರಪ್ಪಾ, ಸರ್ಕಾರಕ್ಕೆ ಮೂರು ಅಂಗ. ಶಾಸಕಾಂಗ ಹೇಳುತ್ತೆ, ನ್ಯಾಯಾಂಗ ಕೇಳುತ್ತೆ, ಕಾರ್ಯಾಂಗ ಹೊರುತ್ತೆ. ಎಂಥ ಕಾನೂನು ಮಾಡಿದ್ರೂ, ಎಂಥ ತೀರ್ಪು ಕೊಟ್ಟರೂ, ಕೊನೆಗೆ ಒಬ್ಬ ಬಂದು ಬೀಗ ಹಾಕಲೇಬೇಕು. ಆ ಒಬ್ಬ ಇವನು!"

ಜನ ಚಪ್ಪಾಳೆ ತಟ್ಟಿದರು. ಜೋಂಪಣ್ಣನಿಗೆ ಎದೆ ಸ್ವಲ್ಪ ಉಬ್ಬಿತು. ಆಗ ಮೇಷ್ಟ್ರು ಅವನ ಹೆಗಲ ಮೇಲೆ ಕೈ ಹಾಕಿ ಪಕ್ಕಕ್ಕೆ ಕರೆದು, ಕಿವಿಯಲ್ಲಿ, "ಬೀಗ ಹಾಕೋಕೆ ಮುಂಚೆ ನನ್ನ ಹಾಸಿಗೆ ಒಂದನ್ನ ಆಚೆ ಕೊಟ್ಟುಬಿಡಪ್ಪ," ಎಂದರು.

"ಮೇಷ್ಟ್ರೇ! ಕೇಸು ಹಾಕಿದವರು ನೀವು. ನೀವೇ ಹಾಸಿಗೆ ಕೊಟ್ಟಿದ್ದೀರಾ?"

"ಧೂಳು ಆಗಲ್ಲ ಅಂದೆ, ನಿದ್ದೆ ಆಗಲ್ಲ ಅಂದೆನಾ?"

ಅಷ್ಟರಲ್ಲಿ ಮಹಡಿಮನೆ ಅಮ್ಮ ಬಂದರು. "ಮಗಾ, ನೀನು ಚಿಕ್ಕವನಿದ್ದಾಗಿಂದ ನಿನ್ನ ನೋಡಿದೀನಿ. ನಮ್ಮದು ಎರಡು ಇದೆ, ಒಂದು ದೊಡ್ಡದು, ಒಂದು ಮೊಮ್ಮಗುದು. ಯಾರೂ ನೋಡದ ಹಾಗೆ ಕೊಟ್ಟುಬಿಡು." ಯಾರೂ ನೋಡದ ಹಾಗೆ ಎಂದದ್ದು ಬೀದಿಯ ಮೂಲೆಗೂ ಕೇಳಿಸಿತು. ಇನ್ನೇನಿದೆ! ಎಲ್ಲರೂ ಮುಗಿಬಿದ್ದರು. ಮೊಹರು ಆಗಲೇಬೇಕು ಎಂದು ಮೇಷ್ಟ್ರ ಅರ್ಜಿಗೆ ಸಹಿ ಹಾಕಿದವರೆಲ್ಲರ ಹಾಸಿಗೆಗಳೂ ಒಳಗೇ ಇದ್ದವು.

ಜೋಂಪಣ್ಣ ತಲೆ ಎತ್ತಿ ನೋಡಿದ. ಬೀದಿಯ ಮೊದಲನೇ ಮನೆಯ ಜಗಲಿಯಲ್ಲಿ ಅವನ ಹೆಂಡತಿ ಸೊಂಟ ಹಿಡಿದು ನಿಂತಿದ್ದಳು. ಅವಳು ಕೈಯಲ್ಲಿ ಮೊದಲು ಅಂಗಡಿಯನ್ನು, ಆಮೇಲೆ ಮನೆಯನ್ನು ತೋರಿಸಿದಳು. ಅರ್ಥ ಮಾಡಿಕೊಳ್ಳಲು ಕಷ್ಟವೇನಿರಲಿಲ್ಲ. ಪಕ್ಕದಲ್ಲೇ ಹವಾಲ್ದಾರರ ಮೀಸೆ ನಿಂತಿತ್ತು. ಜೋಂಪಣ್ಣ ಆಗುವುದಿಲ್ಲ ಎಂದು ತಲೆ ಅಲ್ಲಾಡಿಸಿದ. ಹೆಂಡತಿ ಅವನನ್ನು ಒಮ್ಮೆ ನೋಡಿ, ಒಳಗೆ ಹೋಗಿ, ಬಾಗಿಲು ಹಾಕಿಕೊಂಡಳು.

ಆ ಬಾಗಿಲಿನ ಸದ್ದಿಗೆ ಅವನ ಮನಸ್ಸು ಮುದುಡಿತು. ತನ್ನದನ್ನೇ ಬಿಟ್ಟುಕೊಟ್ಟವನಿಗೆ ಇನ್ನೊಬ್ಬರ ಮೇಲೆ ಕನಿಕರ ಎಲ್ಲಿಂದ ಬರಬೇಕು? ಗಂಟಲು ಸರಿಮಾಡಿಕೊಂಡು, "ಒಂದು ದಿಂಬೂ ಆಚೆ ಹೋಗೋ ಹಾಗಿಲ್ಲ! ಎಲ್ಲ ಸರ್ಕಾರದ ವಶ!" ಎಂದು ಗುಡುಗಿದ. ಸಾಹೇಬರ ದನಿಯೇ ತನ್ನ ಬಾಯಿಂದ ಬಂದಂತಾಗಿ ಅವನೇ ಬೆಚ್ಚಿದ.

ಹತ್ತಿತಾತ ಹುಬ್ಬಿನ ಮೇಲೆ, ಗಡ್ಡದ ಮೇಲೆ ಹತ್ತಿ ಮೆತ್ತಿಕೊಂಡು, ತಾನೇ ಅರ್ಧ ತುಂಬಿದ ಹಾಸಿಗೆಯಂತೆ ನಿಂತಿದ್ದ. "ಸ್ವಾಮಿ, ಒಂದು ಮಾತು..."

"ಮಾತಿಲ್ಲ! ಸರ್ಕಾರ ಕೆಲಸ ಮಾಡುವಾಗ ಯಾರೂ ಮಾತಾಡಬಾರದು."

"ಅಲ್ಲ ಸ್ವಾಮಿ, ಈ ಅಂಗಡಿಗೆ..."

"ನಡವಳಿಕೆ ಮುಗಿಯೋವರೆಗೂ ಬಾಯಿ ತೆಗೆದ್ರೆ ಅಡ್ಡಿಪಡಿಸಿದ ಕೇಸು. ಹವಾಲ್ದಾರ್ರೇ, ಬರ್ಕೊಳ್ಳಿ."

ಹವಾಲ್ದಾರರು ಬರೆದುಕೊಂಡರು. ತಾತ ಬಾಯಿ ಮುಚ್ಚಿಕೊಂಡು, ಹೆಗಲ ಮೇಲಿನ ಬಟ್ಟೆ ಕೊಡವಿಕೊಂಡು, ದೂರ ಹೋಗಿ ಕೂತ.

ಆ ಕಚೇರಿಯಲ್ಲಿ ಒಂದು ಪದ್ಧತಿ ಇತ್ತು. ಅಧಿಕಾರಿ ಸಹಿಯನ್ನು ಮೊದಲು ಹಾಕುತ್ತಾನೆ, ಕೆಲಸವನ್ನು ಕೆಳಗಿನವರು ಆಮೇಲೆ ಮಾಡುತ್ತಾರೆ. ಅಧಿಕಾರಿ ಎಲ್ಲಿಗೆ ಹೋಗುತ್ತಾನೆಂದು ಕೆಳಗಿನವರಿಗೆ ಹೇಳುವುದಿಲ್ಲ, ಅವರೂ ಕೇಳುವುದಿಲ್ಲ. ಕೇಳಿದರೆ ಅಗೌರವ. ಈ ಪದ್ಧತಿಯಿಂದ ಎಷ್ಟೋ ವರ್ಷ ಕಚೇರಿ ಸಲೀಸಾಗಿ ನಡೆದಿತ್ತು. ಜೋಂಪಣ್ಣನೂ ಪದ್ಧತಿಯಂತೆ ಮೊಹರಿನ ಕಾಗದಕ್ಕೆ ಮೊದಲೇ ಸಹಿ ಹಾಕಿಕೊಟ್ಟ. ಹವಾಲ್ದಾರರು ಅರಗು ಕರಗಿಸಲು ಬೆಂಕಿ ಹುಡುಕಿಕೊಂಡು ಎದುರಿನ ಟೀ ಅಂಗಡಿಗೆ ಹೋದರು. ಮುಚ್ಚುವ ಮುಂಚೆ ಒಳಗೆ ಯಾರೂ ಉಳಿದಿಲ್ಲವೆಂದು ಖಚಿತ ಮಾಡಿಕೊಳ್ಳುವುದು ಅಧಿಕಾರಿಯ ಕರ್ತವ್ಯ. ಜೋಂಪಣ್ಣ ಒಳಗೆ ಹೋದ.

ಒಳಗೆ ಬೇರೆಯೇ ಲೋಕ. ಹೊರಗಿನ ಗದ್ದಲ ನಾಲ್ಕು ಹೆಜ್ಜೆಗೇ ಹತ್ತಿಯಲ್ಲಿ ಇಂಗಿಹೋಯಿತು. ಗೋಡೆಗುಂಟ ಸೂರಿನವರೆಗೆ ಹಾಸಿಗೆಗಳ ಅಟ್ಟಿ. ಮೇಲಿನ ಗವಾಕ್ಷಿಯಿಂದ ಓರೆಯಾಗಿ ಇಳಿದ ಬೆಳಕಿನಲ್ಲಿ ಎಳೆಗಳು ಏಳುವುದೋ ಬೀಳುವುದೋ ತಿಳಿಯದೆ ಅಲ್ಲೇ ತೇಲುತ್ತಿದ್ದವು. ನಡುವೆ ಒಂದು ತಗ್ಗಿನ ಹಲಗೆಯ ಮೇಲೆ, ಆಗತಾನೇ ಹೊಲಿಗೆ ಮುಗಿದ ಒಂದು ಹಾಸಿಗೆ. ಬಿಳಿಯ ಬಟ್ಟೆ, ಕಂದು ಗೆರೆ. ಹೆಂಡತಿ ಆರಿಸಿದ್ದ ಬಟ್ಟೆ.

"ಆಗಿಬಿಟ್ಟಿದೆಯಲ್ಲ!" ಎಂದುಕೊಂಡ. ಕೈಯಿಂದ ಒತ್ತಿ ನೋಡಿದ. ಕೈ ಮಣಿಕಟ್ಟಿನವರೆಗೆ ಇಳಿದು, ನಿಧಾನವಾಗಿ ಮೇಲೆ ಬಂತು. ಸರ್ಕಾರದ ವಶದಲ್ಲಿರುವ ಸಾಮಾನಿನ ಸ್ಥಿತಿ ಪರಿಶೀಲಿಸುವುದೂ ಕರ್ತವ್ಯವೇ. ಕೂತು ನೋಡಿದ. ಕಾಲು ನೋಯುತ್ತಿತ್ತು, ಮೇಲಿಟ್ಟ. ಬೆನ್ನಿಗೆ ಹೇಗಿರುತ್ತದೋ ನೋಡೋಣ, ಹೆಂಡತಿಗೆ ಹೇಳಬೇಕಲ್ಲ ಎಂದು ಒರಗಿದ. ಅಷ್ಟೇ ಅವನಿಗೆ ನೆನಪು.

ಕನಸಿನಲ್ಲಿ ಬೀದಿಯುದ್ದಕ್ಕೂ ಹಾಸಿಗೆ ಹಾಸಿತ್ತು. ದೊಡ್ಡ ಪೇಟದ ಯಾರೋ ಮೋಡದ ಮೇಲೆ ಕೂತು, "ಜನರಿಗೆ ನಿದ್ದೆ ಬರತಕ್ಕದ್ದು," ಎಂದು ಕಾನೂನು ಓದುತ್ತಿದ್ದರು. ಕರಿಯ ಕೋಟಿನ ಇನ್ನೊಬ್ಬರು ಪ್ರತಿಯೊಬ್ಬರ ಗೊರಕೆಗೂ ಕಿವಿಗೊಟ್ಟು, "ಇದು ಸಕ್ರಮ, ಇದು ಅಕ್ರಮ," ಎನ್ನುತ್ತಿದ್ದರು. ಜೋಂಪಣ್ಣ ಮಾತ್ರ ಇಡೀ ಬೀದಿಯ ಹಾಸಿಗೆಯನ್ನು ಸುರುಳಿ ಸುತ್ತಿ ತಲೆಯ ಮೇಲೆ ಹೊತ್ತು ನಡೆಯುತ್ತಿದ್ದ. ಭಾರವೇ ಇರಲಿಲ್ಲ. ಪಕ್ಕದಲ್ಲಿ ಜನ ತುದಿಗಾಲಲ್ಲಿ ಓಡಾಡುತ್ತಿದ್ದರು. "ಮೆಲ್ಲಗೆ, ಮೆಲ್ಲಗೆ," ಎಂದು ಮೇಷ್ಟ್ರ ದನಿ. ಯಾರೋ ಅವನ ತಲೆಯನ್ನು ಎತ್ತಿ, ಏನನ್ನೋ ಇಟ್ಟು, ಹಣೆಯ ಮೇಲಿನ ಹತ್ತಿಯೆಳೆ ತೆಗೆದರು. ಬಳೆಯ ಸದ್ದು. ಅವನಿಗೆ ಅತ್ತುಬಿಡುವಷ್ಟು ಹಿತವಾಯಿತು.

ಎಚ್ಚರವಾದಾಗ ಬೆಳಕು ಹಳದಿಯಾಗಿ ಗೋಡೆಯ ಮೇಲೇರಿತ್ತು. ಶಟರು ಮುಚ್ಚಿತ್ತು. ಸೂರು ಮುಟ್ಟುತ್ತಿದ್ದ ಹಾಸಿಗೆಯ ಅಟ್ಟಿಗಳು ಒಂದೂ ಇರಲಿಲ್ಲ. ಬರೀ ಗೋಡೆ, ಬರೀ ನೆಲ, ನಡುವೆ ತಾನು. ತಲೆಯ ಕೆಳಗೆ ಬರುವಾಗ ಇಲ್ಲದಿದ್ದ ದಿಂಬೊಂದು ಇತ್ತು, ಅದರಿಂದ ತನ್ನದೇ ತಲೆಎಣ್ಣೆಯ ವಾಸನೆ ಬರುತ್ತಿತ್ತು. "ಓ, ಇನ್ನೂ ಕನಸೇ," ಎಂದು ಸಮಾಧಾನದಿಂದ ಮತ್ತೆ ಕಣ್ಣು ಮುಚ್ಚಿದ. ಆಮೇಲೆ ಒಂದು ಸೊಳ್ಳೆ ಕಚ್ಚಿತು. ಕನಸಿನ ಸೊಳ್ಳೆ ಅಷ್ಟು ಕಚ್ಚುವುದಿಲ್ಲ. ಎದ್ದವನೇ ಓಡಿಹೋಗಿ ಶಟರು ಬಡಿದ.

"ಯಾರ್ರೀ ಅದು ಒಳಗೆ?" ಹವಾಲ್ದಾರರ ದನಿ.

"ನಾನು!"

"ನಾನು ಅಂದ್ರೆ?"

"ಇನ್‌ಚಾರ್ಜು!"

"ಇನ್‌ಚಾರ್ಜ್ ಸಾಹೇಬರು ಆಗಲೇ ಹೋದ್ರು. ಅವರ ಸಹಿ ಇಲ್ಲೇ ಮೊಹರಿನ ಮೇಲಿದೆ."

"ಹೋಗಿಲ್ಲ ಹವಾಲ್ದಾರ್ರೇ, ನಾನೇ ಅದು, ಜೋಂಪಣ್ಣ! ನಾನು ಎಲ್ಲಿ ಅಂತ ಕೇಳಬಾರದಿತ್ತಾ?"

"ಅಧಿಕಾರಿಗಳನ್ನ ಹಾಗೆಲ್ಲ ಕೇಳಬಾರದು ಸಾರ್." ಹೊರಗೆ ಬೂಟು ಜೋಡಿಸಿ ಸೆಲ್ಯೂಟ್ ಹೊಡೆದ ಸದ್ದು. ಮುಚ್ಚಿದ ಶಟರಿಗೆ.

"ಸೆಲ್ಯೂಟ್ ಇರಲಿ, ಮೊಹರು ಒಡೀರಿ!"

"ಕೋರ್ಟಿನ ಮೊಹರು ಸಾರ್. ಬರಹದಲ್ಲಿ ಅಪ್ಪಣೆ ಬೇಕು."

ಜೋಂಪಣ್ಣ ಜೇಬಿನಲ್ಲಿದ್ದ ಚೀಟಿಯ ಮೇಲೆ ಬರೆದು, ಸಹಿ ಹಾಕಿ, ಶಟರಿನ ಕೆಳಗಿನ ಸಂದಿಯಿಂದ ತಳ್ಳಿದ. ಹೊರಗೆ ಚೀಟಿ ಬಿಚ್ಚಿದ ಸದ್ದು. ಆಮೇಲೆ ಕೆಮ್ಮು.

"ಸಹಿ ಸರಿಯಾಗಿದೆ ಸಾರ್. ಆದ್ರೆ ಮೊಹರು ಒಡೆಸುವಾಗ ಅಧಿಕಾರಿ ಅದರ ಎದುರಿಗೆ ನಿಂತು, ಭದ್ರವಾಗಿದೆ ಅಂತ ಕಣ್ಣಾರೆ ನೋಡಬೇಕು. ನಿಯಮ. ನೀವು ಹಿಂದೆ ಇದ್ದೀರಿ."

"ಎದುರಿಗೆ ಬರಬೇಕಾದ್ರೆ ಮೊಹರು ಒಡೀಬೇಕಲ್ಲಯ್ಯಾ!"

"ಒಡೀಬೇಕಾದ್ರೆ ಎದುರಿಗೆ ಬರಬೇಕಲ್ಲ ಸಾರ್."

ಜನ ಮತ್ತೆ ಸೇರಿದ ಸದ್ದಾಯಿತು. ಈ ಸಲ ಎಲ್ಲರ ದನಿಯಲ್ಲೂ ಏನೋ ನೆಮ್ಮದಿ, ಯಾರಿಗೂ ಅವಸರವಿಲ್ಲ. ಮೇಷ್ಟ್ರಂತೂ ಹಬ್ಬದ ಸಂತೋಷದಲ್ಲಿದ್ದರು. "ಬಹಳ ಸೊಗಸಾದ ಪ್ರಶ್ನೆ! ಕಾರ್ಯಾಂಗ ತನ್ನನ್ನ ತಾನೇ ಬಿಡಿಸ್ಕೋಬಹುದಾ? ಬರೋದಿಲ್ಲ! ಕೋರ್ಟಿಗೆ ಹೋಗಬೇಕು."

"ಕೋರ್ಟು ಈಗ ಮುಚ್ಚಿರುತ್ತಲ್ಲ ಮೇಷ್ಟ್ರೇ?" ಮಹಡಿಮನೆ ಅಮ್ಮ.

"ಹಾಗಾದ್ರೆ ಶಾಸಕಾಂಗ ಸೇರಿ ಹೊಸ ಕಾನೂನು ಮಾಡಬೇಕು."

"ಅದು ಸೇರೋದು ಮಳೆಗಾಲಕ್ಕೆ."

"ಪರವಾಗಿಲ್ಲ. ಒಳಗೆ ಹಾಸಿಗೆ ಇದೆಯಲ್ಲ," ಎಂದರು ಮೇಷ್ಟ್ರು.

ಊರಿಗೇ ಒಬ್ಬ ಅಧಿಕಾರಿ, ಅವನ ಮಾತಿಗೆ ಬೀಗವೂ ತೆರೆಯುವುದಿಲ್ಲ. ಆಗ ಶಟರಿನ ಆಚೆ ಮೆತ್ತನೆಯ ದನಿಯೊಂದು ಕೇಳಿತು. "ರೀ."

ಹೆಂಡತಿ! ಅವನು ಸಂದಿಗೆ ಬಾಯಿಟ್ಟು ತೊದಲಿದ. "ಕೋಪ ಮಾಡ್ಕೋಬೇಡ್ವೇ. ಹಾಸಿಗೆ ಇಲ್ಲೇ ಇದೆ, ಹೊಸದರ ಹಾಗಾಗಿದೆ. ಆದ್ರೆ ತರೋಕೆ..."

"ಅಯ್ಯೋ, ಹಾಸಿಗೆ ಹಾಳಾಗಲಿ ಬಿಡ್ರೀ. ಅದರ ಚಿಂತೆ ಬೇಡ. ನೀವು ಹುಷಾರಾಗಿ ಮನೆಗೆ ಬನ್ನಿ, ಅಷ್ಟು ಸಾಕು. ನಾನು ಅಡುಗೆ ಮಾಡಿಟ್ಟಿರ್ತೀನಿ."

ಬೆಳಿಗ್ಗೆ ಬೆಂಕಿಯಾಗಿದ್ದವಳು ಸಂಜೆ ಬೆಣ್ಣೆಯಾಗಿದ್ದಳು. ಜೋಂಪಣ್ಣನ ಕಣ್ಣು ತುಂಬಿಬಂತು. ನೋವಿನಲ್ಲೂ ತನ್ನ ಬಗ್ಗೆ ಇಷ್ಟು ಯೋಚಿಸುವ ಇವಳಿಗೆ ತಾನು ಒಂದು ಹಾಸಿಗೆ ತಂದುಕೊಡಲಾರದೆ ಹೋದೆನಲ್ಲ! ಶಟರಿಗೆ ಹಣೆ ಒತ್ತಿಕೊಂಡು ಬಹಳ ಹೊತ್ತು ನಿಂತ. ಹೊರಗೆ ಜನ ಕರಗಿದರು, ಹೆಂಡತಿಯ ಹೆಜ್ಜೆಯೂ ದೂರವಾಯಿತು.

"ಸ್ವಾಮಿ."

ಈ ಸಲ ದನಿ ಹಿಂದಿನಿಂದ ಬಂತು. ತಿರುಗಿದರೆ ಹಳದಿ ಬೆಳಕಿನಲ್ಲಿ ಹತ್ತಿತಾತ ಗೋಡೆಯೊಳಗಿಂದ ಮೂಡಿದಂತೆ ನಿಂತಿದ್ದ.

"ನಡವಳಿಕೆ ಮುಗೀತಾ ಸ್ವಾಮಿ? ನಾನೀಗ ಮಾತಾಡಬಹುದಾ?"

"ಮಾತಾಡೋ ಮಾರಾಯ! ನೀನು ಹೇಗೆ ಒಳಗೆ ಬಂದೆ?"

"ಅದೇ ಸ್ವಾಮಿ ಮಧ್ಯಾಹ್ನದಿಂದ ಹೇಳೋಕೆ ನೋಡ್ತಿದ್ದೆ. ಈ ಅಂಗಡಿಗೆ ಹಿಂದೆ ಒಂದು ಬಾಗಿಲಿದೆ."

ಜೋಂಪಣ್ಣ ಹಲಗೆಯ ಮೇಲೆ ಕುಸಿದು ಕೂತ. ತಾತ ಒಂದೊಂದೇ ಬಿಚ್ಚಿಟ್ಟ. ಮುಂದೆ ಮೊಹರು ಬಿದ್ದ ಕೂಡಲೇ ಜನ ಹಿಂದಿನಿಂದ ಬಂದರು. ಜೋಂಪಣ್ಣನೇ ಅಲ್ಲಿ ಮಲಗಿದ್ದು ಕಂಡು ಗಾಬರಿಯಾದರು. ಎಬ್ಬಿಸಿದರೆ ಆಗಲ್ಲ ಅಂತಾನೆ, ಸರ್ಕಾರ ಮಲಗಿದ್ದಾಗಲೇ ಜನ ತಮ್ಮ ಕೆಲಸ ಮಾಡ್ಕೋಬೇಕು ಎಂದರು ಮೇಷ್ಟ್ರು. ತುದಿಗಾಲಲ್ಲಿ ಬಂದು ಎಲ್ಲರೂ ಒಂದೊಂದು ಹೊತ್ತುಕೊಂಡು ಹೋದರು. "ನಿಮ್ಮ ಉಪಸಾಹೇಬರೂ ಬಂದಿದ್ರು, ಕರಿ ಕನ್ನಡಕ ಹಾಕ್ಕೊಂಡು. ಹೆಡ್ ಗುಮಾಸ್ತರೂ ಬಂದಿದ್ರು, ಚಿಕ್ಕಪ್ಪನ ಜೊತೆ. ಚಿಕ್ಕಪ್ಪ ಗಟ್ಟಿಯಾಗಿದಾರೆ ಸ್ವಾಮಿ, ಎರಡು ಹಾಸಿಗೆ ಒಬ್ಬರೇ ಹೊತ್ರು. ನಿಮ್ಮದೊಂದು ಉಳೀತು. ನಿಮ್ಮ ಕೆಳಗಿತ್ತಲ್ಲ."

ಕಚೇರಿ ಯಾಕೆ ಖಾಲಿಯಾಗಿತ್ತೆಂದು ಜೋಂಪಣ್ಣನಿಗೆ ಈಗ ನಿಧಾನವಾಗಿ ಹೊಳೆಯಿತು. ತಮ್ಮ ಹಾಸಿಗೆಗೆ ತಾವೇ ಮೊಹರು ಹಾಕುವ ಧೈರ್ಯ ಯಾರಿಗೂ ಇರಲಿಲ್ಲ. ಅವನಿಗೆ ರೋಷ ಬಂತು. ಇಡೀ ಊರು ಹೊತ್ತುಕೊಂಡು ಹೋಗಿರುವಾಗ ತನ್ನೊಬ್ಬನಿಗೆ ಯಾಕೆ ಈ ನಿಯಮ? ಅಡುಗೆ ಮಾಡಿಟ್ಟು ಕಾಯುತ್ತಿರುವ ಹೆಂಡತಿಯ ದನಿ ಕಿವಿಯಲ್ಲಿತ್ತು. ದಿಂಬನ್ನು ಕಂಕುಳಲ್ಲಿ ಇರುಕಿಕೊಂಡು, "ತಾತ, ಎತ್ತು!" ಎಂದ. ತಾತ ಹಾಸಿಗೆಯನ್ನು ಸುತ್ತಿ ಅವನ ತಲೆಯ ಮೇಲಿಟ್ಟ.

ಹಿಂದಿನ ಓಣಿ ಸಂಜೆಗೆಂಪಿನಲ್ಲಿ ನಿಶ್ಶಬ್ದವಾಗಿತ್ತು. ಹಾಸಿಗೆ ಎರಡೂ ಕಡೆ ಇಳಿಬಿದ್ದು, ಜೋಂಪಣ್ಣನಿಗೆ ನೆಲ ಮಾತ್ರ ಕಾಣುತ್ತಿತ್ತು. ಕನಸಿನಲ್ಲಿದ್ದಂತೆಯೇ ಹಗುರಾಗಿ ನಾಲ್ಕು ಹೆಜ್ಜೆ ಇಟ್ಟಿದ್ದ. ಎದುರಿಗೆ ಒಂದು ಜೊತೆ ಬೂಟು ಬಂದು ನಿಂತಿತು. ವರ್ಷಗಟ್ಟಲೆ ತಲೆ ತಗ್ಗಿಸಿ ಬೈಸಿಕೊಂಡವನಿಗೆ ಸಾಹೇಬರ ಮುಖಕ್ಕಿಂತ ಬೂಟಿನ ಪರಿಚಯವೇ ಹೆಚ್ಚು.

"ನಮಸ್ಕಾರ ಸಾರ್," ಎಂದ ಹಾಸಿಗೆಯ ಕೆಳಗಿಂದ.

"ಜೋಂಪಣ್ಣ! ಏನಯ್ಯಾ ಇದು?" ಸಾಹೇಬರು ಬಲದವಡೆ ಹಿಡಿದುಕೊಂಡು ನಿಂತಿದ್ದರು.

"ಹಲ್ಲುನೋವು ಎಡಗಡೆ ಅಂದಿದ್ರಿ ಸಾರ್."

ಸಾಹೇಬರು ಕೈಯನ್ನು ಸರಕ್ಕನೆ ಎಡಕ್ಕೆ ಬದಲಿಸಿದರು. "ಅದಿರಲಿ! ನಾನು ತಪಾಸಣೆಗೆ ಬಂದೆ." ಅವರ ಕಣ್ಣು ಜೋಂಪಣ್ಣನನ್ನು ದಾಟಿ ಅಂಗಡಿಯ ಒಳಗೆ ಹೋಯಿತು. ಬರಿಯ ಗೋಡೆ ಕಂಡು ಮುಖ ಇಳಿಯಿತು. "ಬಾಕಿ ಸಾಮಾನು ಎಲ್ಲಿ?"

"ಎಲ್ಲ ಹೋಯ್ತು ಸ್ವಾಮಿ," ಎಂದ ತಾತ ಮೆಲ್ಲಗೆ. "ತಾವು ತಡವಾಗಿ ಬಂದ್ರಿ. ತಮ್ಮದನ್ನೂ ಯಾರೋ ಎತ್ಕೊಂಡು ಹೋದ್ರು. ದಪ್ಪಗಿತ್ತಲ್ಲ, ಎಲ್ಲರಿಗೂ ಕಣ್ಣು ಬಿತ್ತು."

ಸಾಹೇಬರ ಮುಖ ಬಿಳಿಚಿತು, ಆಮೇಲೆ ಕೆಂಪಾಯಿತು, ಕೊನೆಗೆ ಅಧಿಕಾರಿಯ ಮುಖವಾಯಿತು.

"ಆದೇಶ ಆದಮೇಲೆ ಸಾಮಾನು ಸಾಗಿಸಿದ್ದಾರೆ! ಘೋರ ಅಪರಾಧ! ಈ ಬೀದಿಯ ಮನೆ ಮನೆ ತಪಾಸಣೆ ಆಗಬೇಕು, ಈಗಲೇ, ಹವಾಲ್ದಾರರ ಜೊತೆ. ಮುಖ್ಯವಾಗಿ ಒಂದು ಹಾಸಿಗೆ, ನೀಲಿ ಗೆರೆ, ಮೂಲೇಲಿ ಕೆಂಪು ದಾರದ ಗಿಳಿ ಕಸೂತಿ. ಅದು, ಅದು ಬಹಳ ಮುಖ್ಯವಾದ ಸಾಕ್ಷಿ. ಅದು ಯಾರ ಮನೇಲಿ ಸಿಗುತ್ತೋ ಅವನನ್ನ ನಾನು ಸುಮ್ನೆ ಬಿಡಲ್ಲ. ಗೊತ್ತಾಯ್ತಾ? ನಾಳೆ ನಾನು ಚಾರ್ಜ್ ತಗೊಳ್ಳೋವರೆಗೂ ನೀನೇ ಇನ್‌ಚಾರ್ಜು."

"ಸಾರ್, ಇದು?" ಜೋಂಪಣ್ಣ ತಲೆಯ ಮೇಲಿನದನ್ನು ಕಣ್ಣಲ್ಲೇ ತೋರಿಸಿದ.

ಸಾಹೇಬರು ಹಾಸಿಗೆಯನ್ನು ಒಮ್ಮೆ ಒತ್ತಿ ನೋಡಿದರು. ಕೈ ಮಣಿಕಟ್ಟಿನವರೆಗೆ ಇಳಿಯಿತು. "ಜಪ್ತಿ ಮಾಡಿದ್ದೀಯಲ್ಲ, ಭೇಷ್! ಇಡೀ ಕಚೇರೀಲಿ ಕೆಲಸ ಮಾಡಿದವನು ನೀನೊಬ್ಬನೇ. ನನ್ನ ಗಾಡಿಗೆ ಹಾಕು. ಸಾಕ್ಷಿ ನನ್ನ ಕಣ್ಣೆದುರಲ್ಲೇ ಇರಬೇಕು, ಹಗಲೂ ರಾತ್ರಿ."

ಗಾಡಿ ಹೋಯಿತು. ಕಿಟಕಿಯಿಂದ ಕಂದು ಗೆರೆಯ ತುದಿಯೊಂದು ಇಣುಕಿ, ತಿರುವಿನಲ್ಲಿ ಮಾಯವಾಯಿತು. ಜೋಂಪಣ್ಣ ದಿಂಬು ಅಪ್ಪಿಕೊಂಡು ಮನೆಯ ಕಡೆ ಕಾಲೆಳೆದ. ಅಕ್ಕಪಕ್ಕದ ಮನೆಗಳಿಂದೆಲ್ಲ ಹೊಸ ಹಾಸಿಗೆ ತಟ್ಟುವ ದಪದಪ ಸದ್ದು ಬರುತ್ತಿತ್ತು. ಹಿಂಜುವ ಯಂತ್ರ ನಿಂತಿದ್ದರೂ ಬೀದಿಯಲ್ಲಿ ಹತ್ತಿ ಇನ್ನೂ ತೇಲುತ್ತಿತ್ತು. ಇಡೀ ಊರೇ ಅರೆನಿದ್ದೆಯಲ್ಲಿ ಮುಗುಳ್ನಗುತ್ತಿರುವಂತೆ ಅವನಿಗೆ ಕಂಡಿತು. ಮೊದಲೊಂದು ಸಲ ಹೆಂಡತಿಗೆ ನಡೆದದ್ದೆಲ್ಲ ಹೇಳಿಬಿಡುತ್ತೇನೆ, ತಪಾಸಣೆ ಆಮೇಲೆ ಎಂದುಕೊಂಡ. ಅವಳು ಹಾಸಿಗೆ ಬೇಡವೆಂದಿದ್ದಳಲ್ಲ, ಅದೊಂದೇ ಸಮಾಧಾನ.

ಬಾಗಿಲು ತೆರೆದೇ ಇತ್ತು. ಹೆಂಡತಿ ನಗುನಗುತ್ತಾ ಎದುರು ಬಂದಳು. ಅವಳ ಕೈ ಸೊಂಟದ ಮೇಲಿರಲಿಲ್ಲ. ಇಷ್ಟು ದಿನಗಳಲ್ಲಿ ಅವಳು ನೆಟ್ಟಗೆ ನಿಂತದ್ದನ್ನು ಅವನು ನೋಡಿಯೇ ಇರಲಿಲ್ಲ.

"ಬಂದ್ರಾ? ದಿಂಬು ತಂದ್ರಲ್ಲ, ಒಳ್ಳೇದಾಯ್ತು. ಪಾಪ, ಕತ್ತು ಸೊಟ್ಟ ಮಾಡ್ಕೊಂಡು ಮಲಗಿದ್ರಿ, ನಾನೇ ತಂದಿಟ್ಟೆ."

"ನೀನೂ ಹಿಂದಿನ ಬಾಗಿಲಿಂದ ಬಂದಿದ್ದೆಯಾ?"

"ಬರದೆ? ಎಲ್ಲರೂ ಹೊತ್ಕೊಂಡು ಹೋಗ್ತಿದ್ರು. ನಮ್ಮದರ ಮೇಲೆ ನೀವು ಮಲಗಿದ್ರಿ. ಎಷ್ಟು ದಿನದ ಮೇಲೆ ನಿದ್ದೆ ಹತ್ತಿತ್ತೋ, ಎಬ್ಬಿಸೋಕೆ ಮನಸ್ಸು ಬರಲಿಲ್ಲ. ಯಾರದೋ ಒಂದು ಮೂಲೇಲಿ ಉಳಿದಿತ್ತು. ಮೇಷ್ಟ್ರೇ ಒಂದು ಕೈ ಹಿಡಿದ್ರು. ನೋಡಿ ಬನ್ನಿ, ನಮ್ಮದಕ್ಕಿಂತ ದುಪ್ಪಟ್ಟು ದಪ್ಪ!"

ಜೋಂಪಣ್ಣ ಕೋಣೆಯ ಬಾಗಿಲಲ್ಲಿ ನಿಂತ. ನೆಲದ ಮೇಲೆ ನೀಲಿ ಗೆರೆಯ ದೊಡ್ಡ ಹಾಸಿಗೆ ಮೋಡದಂತೆ ಉಬ್ಬಿಕೊಂಡು ಮಲಗಿತ್ತು. ಅದರ ಮೂಲೆಯಿಂದ ಕೆಂಪು ದಾರದ ಗಿಳಿಯೊಂದು ಅವನನ್ನೇ ನೋಡುತ್ತಿತ್ತು.

ಹೊರಗೆ ಬೂಟು ಜೋಡಿಸಿದ ಸದ್ದಾಯಿತು. ಅವನು ಓಡಿಹೋಗಿ ಹೊಸ್ತಿಲಿಗೆ ಅಡ್ಡ ನಿಂತ.

"ಸಾರ್, ಸಾಹೇಬರ ಹುಕುಂ ಆಯ್ತು," ಎಂದರು ಹವಾಲ್ದಾರರು ಸೆಲ್ಯೂಟ್ ಹೊಡೆದು. "ತಪಾಸಣೆ ಬೀದಿಯ ಮೊದಲನೇ ಮನೆಯಿಂದ ಶುರುವಾಗಬೇಕು. ನಿಯಮ. ಮೊದಲನೇ ಮನೆ ಇದೇ." ಅವರು ಹೊಸ್ತಿಲನ್ನೂ ಅದರ ಮೇಲೆ ನಿಂತವನನ್ನೂ ಗಂಭೀರವಾಗಿ ಅಳೆದು ನೋಡಿದರು. "ತಪಾಸಣೆ ಮಾಡಿಸೋ ಅಧಿಕಾರಿ ಹೊರಗಿರಬೇಕು ಸಾರ್, ಮನೆಯವರು ಒಳಗಿರಬೇಕು. ನೀವು ಈಗ ಯಾವ ಕಡೆ?"

ಬೆಳಿಗ್ಗೆಯಿಂದ ಜೋಂಪಣ್ಣನ ಬೆನ್ನು ಬಿಡದಿದ್ದ ನಿದ್ದೆ ಒಂದು ಎಳೆಯೂ ಉಳಿಯದಂತೆ ಹಾರಿಹೋಗಿತ್ತು.

"ರೀ," ಎಂದು ಒಳಗಿನಿಂದ ಹೆಂಡತಿ ಕರೆದಳು, "ಯಾರೇ ಬಂದಿರಲಿ, ನಾಳೆ ಬರೋಕೆ ಹೇಳಿ. ಒಂದು ಸಲ ಇದರ ಮೇಲೆ ಮಲಗಿ ನೋಡಿ ಬನ್ನಿ, ಎಂಥಾ ನಿದ್ದೆ ಬರುತ್ತೆ ಗೊತ್ತಾ!"